ಮುಂದಿನ ಗಾಲಿಯ ಬೀಗ

ಹಳೆಯ ಜೀಪೊಂದನ್ನು ಕಂಡವರು ಮೊದಲು ನೋಡುವುದು ಅದರ ಮೋರೆಯನ್ನು. ಎರಡು ದುಂಡು ದೀಪಗಳ ನಡುವೆ ಏಳು ಸೀಳುಗಳಿದ್ದರೆ ನಾಗರಿಕರ ಜೀಪು, ಒಂಬತ್ತಿದ್ದರೆ ಯುದ್ಧಕಾಲದ್ದು ಎಂದು ಎಣಿಸಿ ಕುಲಗೋತ್ರ ಹೇಳುವ ಪಂಡಿತರು ಬೆಂಗಳೂರಿನಲ್ಲಿ ಸಾಕಷ್ಟು ಮಂದಿ ಇದ್ದಾರೆ. ಬಾನೆಟ್ಟಿನ ಎತ್ತರ ನೋಡಿ ಇಂಜಿನ್ನಿನ ಜಾತಿಯನ್ನು ಊಹಿಸುವವರೂ ಉಂಟು. ಆದರೆ ಮುಂದಿನ ಗಾಲಿಯ ನಟ್ಟನಡುವೆ, ಅಂಗೈಯಗಲದ, ಆರು ಬೋಲ್ಟುಗಳಿಂದ ಬಿಗಿದ, ಗ್ರೀಸು ಮೆತ್ತಿದ ಕಬ್ಬಿಣದ ಬಿಲ್ಲೆಯೊಂದಿದೆಯಷ್ಟೆ, ಅದರ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಆ ಬಿಲ್ಲೆಯನ್ನು ಇದ್ದಂತೆಯೇ ಇರಗೊಡಬೇಕೋ, ಇಲ್ಲವೆ ಅದನ್ನು ಕಿತ್ತು ಆ ಜಾಗದಲ್ಲಿ ಬೀಗದ ಹಬ್ ಕೂರಿಸಬೇಕೋ ಎಂಬ ಪ್ರಶ್ನೆಯ ಮೇಲೆ ಅರೇಹಳ್ಳಿಯ ಸಮೀಪದ ಕಾಫಿತೋಟದ ಮನೆಯೊಂದರಲ್ಲಿ ತಂದೆಗೂ ಮಗನಿಗೂ ಒಂದು ವರ್ಷಕಾಲ ನೆಟ್ಟಗೆ ಮಾತುಕತೆಯೇ ನಡೆಯಲಿಲ್ಲವೆಂದರೆ ನಗರದ ವಾಚಕರು ನಕ್ಕಾರು.

ನಗುವ ಮುನ್ನ ಆ ಸೀಮೆಯ ನೆಲವನ್ನು ಸ್ವಲ್ಪ ತಿಳಿಯಬೇಕು. ಬೇಲೂರು ಎರಡು ಮುಖದ ತಾಲ್ಲೂಕು. ಮೂಡಣಕ್ಕೆ ಹಳೇಬೀಡು, ಅದನ್ನು ದಾಟಿದರೆ ಅರಸೀಕೆರೆಯ ಕಡೆಯ ಜಾವಗಲ್ಲು, ಬಾಣಾವರ. ರಾಗಿಯ ಹೊಲ, ತೆಂಗಿನ ತೋಟ, ಕೆರೆಯ ಏರಿ, ಕಣ್ಣು ಹಾಯುವಷ್ಟು ದೂರ ಬಯಲು. ಪಡುವಣಕ್ಕೆ ತಿರುಗಿದರೆ ಅರೇಹಳ್ಳಿ, ಬಿಕ್ಕೋಡು ಹೋಬಳಿಗಳು. ಇಲ್ಲಿ ನೆಲ ಏಳುತ್ತ ಬೀಳುತ್ತ ಸಕಲೇಶಪುರ, ಮೂಡಿಗೆರೆಗಳ ಮಲೆಯ ಕಡೆಗೆ ನಡೆದುಬಿಡುತ್ತದೆ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅದರಡಿಯಲ್ಲಿ ಕಾಫಿ. ಡಾಂಬರು ರಸ್ತೆ ತೋಟದ ಗೇಟಿನವರೆಗೆ ಮಾತ್ರ. ಗೇಟಿನಿಂದೊಳಗೆ ಕೆಮ್ಮಣ್ಣಿನ ದಾರಿ. ಜನವರಿಯಲ್ಲಿ ಆ ದಾರಿ ಇಟ್ಟಿಗೆಯಂತೆ ಗಟ್ಟಿ. ಜುಲೈ ತಿಂಗಳಿನಲ್ಲಿ ಕಲಸಿಟ್ಟ ಹಿಟ್ಟು. ಒಂದೇ ಜೀಪು ಬೆಳಿಗ್ಗೆ ಆ ಹಿಟ್ಟಿನಲ್ಲಿ ಹೊರಳಾಡಿ, ಮಧ್ಯಾಹ್ನ ಬೇಲೂರಿನ ಪೇಟೆಗೋ ಅರಸೀಕೆರೆಯ ರೈಲು ಜಂಕ್ಷನ್ನಿಗೋ ನುಣುಪಾದ ರಸ್ತೆಯಲ್ಲಿ ಓಡಬೇಕು. ತಕರಾರಿನ ಬೇರು ಇರುವುದು ಇಲ್ಲಿಯೇ.

ಜೀಪು ಈ ಸೀಮೆಗೆ ಬಂದದ್ದು ಎರಡನೆಯ ಮಹಾಯುದ್ಧದ ತರುವಾಯ. ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಸೈನ್ಯಕ್ಕೆ ಮಾಡಿಕೊಟ್ಟವು. ಯುದ್ಧ ಮುಗಿದ ಮೇಲೆ ಸರ್ಕಾರ ಮಾರಿದ ಮಿಕ್ಕ ಜೀಪುಗಳು ‘ಡಿಸ್ಪೋಸಲ್’ ಎಂಬ ಹೆಸರಿನಲ್ಲಿ ನಾಡಿನೆಲ್ಲೆಡೆ ಹರಡಿದವು. 1940ರ ದಶಕ ಮುಗಿಯುವುದರೊಳಗೆ ಮಹೀಂದ್ರ ಕಂಪೆನಿ ಬೊಂಬಾಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಎತ್ತರದ ಬಾನೆಟ್ಟಿನ ಸಿ.ಜೆ. 3ಬಿ ಮಾದರಿಯನ್ನು ದಶಕಗಳ ಕಾಲ ಇಲ್ಲಿಯೇ ತಯಾರಿಸಿತು. ಎತ್ತಿನ ಗಾಡಿ ಹೋಗಲಾರದ ಏರಿನಲ್ಲಿ ಗೊಬ್ಬರದ ಮೂಟೆ ಹೊತ್ತು ಏರುವ, ಕಾಫಿಯ ಮೂಟೆ ಹೊತ್ತು ಇಳಿಯುವ ಈ ಪ್ರಾಣಿಯನ್ನು ತೋಟದವರು ತಮ್ಮದೆಂದೇ ಒಪ್ಪಿಕೊಂಡರು. ಕಾಫಿ ಬೋರ್ಡಿನ ಪೂಲ್ ಪದ್ಧತಿ ಇದ್ದ ಆ ವರ್ಷಗಳಲ್ಲಿ, ಹಾಸನ ಚಿಕ್ಕಮಗಳೂರುಗಳ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಸಾಗಿಸುವ ಲಾರಿ ಗೇಟಿನಲ್ಲಿ ನಿಲ್ಲುತ್ತಿತ್ತು. ಕಣದಿಂದ ಗೇಟಿನವರೆಗೆ ಮೂಟೆ ತರುವುದು ಜೀಪಿನ ಪಾಲು.

ನಾವು ಹೇಳುತ್ತಿರುವ ಮನೆಯ ಜೀಪು 1962ರದು. ಅಜ್ಜ ಕೊಂಡದ್ದು, ಮಗ ಓಡಿಸಿದ್ದು. ಈಗ ಎಪ್ಪತ್ತು ದಾಟಿದ ಆ ಮಗನೇ ಮನೆಯ ಯಜಮಾನರು. ಅವರ ಮಗ ಬೆಂಗಳೂರಿನಲ್ಲಿ ದೊಡ್ಡ ನೌಕರಿಯಲ್ಲಿದ್ದಾನೆ. ಭಾನುವಾರಗಳಂದು ಹಳೆಯ ವಾಹನಗಳ ಪ್ರಿಯರೆಲ್ಲ ಒಂದೆಡೆ ಕೂಡಿ ಕಾಫಿ ಕುಡಿಯುವ ಗೋಷ್ಠಿಗೆ ಹೋಗಿಬರುವ ಹವ್ಯಾಸ ಅವನದು. ತೋಟವನ್ನು ನೋಡಿಕೊಳ್ಳುವವಳು ಮಗಳು. ಕೃಷಿಯಲ್ಲಿ ಪದವಿ ಪಡೆದು ಬಂದವಳು, ರೈಟರಿಗಿಂತ ಮುಂಚೆ ಎದ್ದು ಲೈನಿಗೆ ಹೋಗುವವಳು. ಅಣ್ಣನಿಗೆ ಜೀಪು ನೆನಪಿನ ವಸ್ತು. ತಂಗಿಗೆ ಅದು ಗುದ್ದಲಿ ಪಿಕಾಸಿಗಳಂತೆ ಒಂದು ಸಲಕರಣೆ.

2023ರ ದಸರೆಗೆ ಅಣ್ಣ ಬಂದಾಗ ಅವನ ಕೈಯಲ್ಲಿ ಎರಡು ಹಿತ್ತಾಳೆಬಣ್ಣದ ಹಬ್‌ಗಳಿದ್ದವು. ತಾಯಿ ಅವನ್ನು ತಿರುಗಿಸಿ ನೋಡಿ, “ಇದೇನಪ್ಪ, ಹಬ್ ಹಾಕಿದ್ರೆ ಮನೇಲಿ ಹಬ್ಬ ಆಗುತ್ತಾ?” ಎಂದರು. ಆಗಿದ್ದು ಹಬ್ಬವಲ್ಲ.

ಈ ಹಬ್ಬಿನ ವ್ಯವಹಾರವೇನೆಂಬುದನ್ನು ಅರಿಯಲು ಯಂತ್ರಶಾಸ್ತ್ರ ಓದಬೇಕಿಲ್ಲ; ಎತ್ತಿನ ಗಾಡಿಯನ್ನು ನೆನೆದರೆ ಸಾಕು. ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ, ಗುಂಬ ಅದರ ಮೇಲೆ ತಿರುಗುತ್ತದೆ. ಎಳೆಯುವ ಕೆಲಸ ಎತ್ತಿನದು. ಜೀಪಿನ ಮುಂದಿನ ಗಾಲಿಯೂ ಹೀಗೆಯೇ ಒಂದು ಟೊಳ್ಳು ಅಚ್ಚಿನ ಮೇಲೆ ಬೇರಿಂಗುಗಳ ಆಸರೆಯಲ್ಲಿ ತಿರುಗುತ್ತದೆ. ಆದರೆ ಆ ಟೊಳ್ಳಿನ ಒಳಗಿನಿಂದ ಮತ್ತೊಂದು ಸರಳು, ಇಂಜಿನ್ನಿನ ಬಲವನ್ನು ಹೊತ್ತು, ಗಾಲಿಯ ಮುಖದವರೆಗೆ ಬಂದಿದೆ. ಅದರ ತುದಿಗೆ ಹಲ್ಲುಗಳು. ಆ ಹಲ್ಲುಗಳನ್ನು ಹಿಡಿದು ಗಾಲಿಗೆ ಬಿಗಿಯುವ ಬಿಲ್ಲೆಯೇ ಡ್ರೈವ್ ಫ್ಲ್ಯಾಂಜ್. ಅದಿರುವವರೆಗೆ ಸರಳಿಗೂ ಗಾಲಿಗೂ ಬಿಡದ ನಂಟು. ಒಂದು ತಿರುಗಿದರೆ ಇನ್ನೊಂದು ತಿರುಗಲೇಬೇಕು.

ಕೆಸರಿನಲ್ಲಿ ಇದು ಬೇಕು. ಡ್ರೈವರು ಸನ್ನೆಯನ್ನು ಎಳೆದು ‘ಫೋರ್ ವೀಲ್’ ಹಾಕಿದ ಕ್ಷಣದಲ್ಲಿ ನಾಲ್ಕು ಗಾಲಿಗಳಿಗೂ ಬಲ ಸಿಕ್ಕುತ್ತದೆ. ಡಾಂಬರಿನಲ್ಲಿ ಫೋರ್ ವೀಲ್ ಹಾಕುವಂತಿಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ನಡೆಯಬೇಕು. ಎರಡನ್ನೂ ಒಂದೇ ಲೆಕ್ಕಕ್ಕೆ ಕಟ್ಟಿಹಾಕಿದರೆ ಗಟ್ಟಿ ರಸ್ತೆಯಲ್ಲಿ ಗೇರುಗಳು ಒಂದನ್ನೊಂದು ಹಿಂಡುತ್ತವೆ. ಆದ್ದರಿಂದ ಪೇಟೆಗೆ ಹೋಗುವಾಗ ಹಿಂದಿನ ಗಾಲಿಗಳಿಗೆ ಮಾತ್ರ ಬಲ. ಆಗ ಮುಂದಿನವು ಏನು ಮಾಡುತ್ತವೆ? ರಸ್ತೆ ಅವನ್ನು ಉರುಳಿಸುತ್ತದೆ, ಅವು ಸರಳನ್ನು ತಿರುಗಿಸುತ್ತವೆ, ಸರಳು ಡಿಫರೆನ್ಷಿಯಲ್ಲಿನ ಗೇರನ್ನು, ಗೇರು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು. ಮದುವೆಮನೆಯಲ್ಲಿ ಕೈಗೆ ಕೆಲಸವಿಲ್ಲದೆ ಅತ್ತಿಂದಿತ್ತ ಓಡಾಡುವ ನೆಂಟನಂತೆ ಇಷ್ಟೆಲ್ಲ ಕಬ್ಬಿಣ ಯಾರಿಗೂ ಪ್ರಯೋಜನವಿಲ್ಲದೆ ತಿರುಗುತ್ತಲೇ ಇರುತ್ತದೆ. ಸದ್ದು ಮಾಡುತ್ತದೆ, ಸವೆಯುತ್ತದೆ, ಇಷ್ಟಿಷ್ಟು ಪೆಟ್ರೋಲನ್ನೂ ಕುಡಿಯುತ್ತದೆ.

ಯುದ್ಧದ ಜೀಪನ್ನು ರೂಪಿಸಿದವರು ಇದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. ಗುಂಡು ಹಾರುವೆಡೆ ಇಳಿದು ಗಾಲಿ ಮುಟ್ಟುವ ಪುರುಸೊತ್ತು ಯಾವ ಸಿಪಾಯಿಗಿದೆ? ಆದರೆ ಯುದ್ಧ ಮುಗಿದು ಅವೇ ಜೀಪುಗಳು ಅಮೆರಿಕೆಯ ಹೆದ್ದಾರಿಗಳಲ್ಲಿ ಓಡತೊಡಗಿದಾಗ ಜನಕ್ಕೆ ಈ ವ್ಯರ್ಥ ತಿರುಗಾಟ ಕಣ್ಣಿಗೆ ಬಿತ್ತು. 1948ರಲ್ಲಿ ಸಿಯಾಟಲ್ ನಗರದ ಆರ್ಥರ್ ವಾರ್ನ್ ಎಂಬಾತ ಬೀಗದ ಹಬ್ ಮಾಡಿ ಮಾರತೊಡಗಿದ. ಫ್ಲ್ಯಾಂಜಿನ ಜಾಗದಲ್ಲಿ ಇದನ್ನು ಕೂರಿಸಿದರೆ ಅದರ ಮುಖದ ಗುಂಡಿಯನ್ನು ತಿರುಗಿಸಿ ಸರಳಿಗೂ ಗಾಲಿಗೂ ಇರುವ ನಂಟನ್ನು ಬೇಕೆಂದಾಗ ಬಿಡಿಸಬಹುದು, ಬೇಕೆಂದಾಗ ಬೆಸೆಯಬಹುದು. ಇಂಗ್ಲೆಂಡಿನಲ್ಲಿ ಲ್ಯಾಂಡ್ ರೋವರುಗಳಿಗೆ ಫೇರಿ ಎಂಬ ಹೆಸರಿನ ಹಬ್‌ಗಳು ಬಂದವು. ಎತ್ತಿನ ಮಾತಿನಲ್ಲಿ ಹೇಳುವುದಾದರೆ ಫ್ಲ್ಯಾಂಜ್ ಎಂದರೆ ಉಳುಮೆಯಿಲ್ಲದಾಗಲೂ ನೊಗದಲ್ಲಿರುವ ಎತ್ತು. ಹಬ್ ಎಂದರೆ ಕೊರಳ ಹಗ್ಗ ಬಿಚ್ಚಿ ಹಗುರವಾಗಿ ನಡೆಯಗೊಟ್ಟ ಎತ್ತು. ಗಾಡಿ ಹೂತಾಗ ಕೆಳಗಿಳಿದು ಅದನ್ನು ಮತ್ತೆ ನೊಗಕ್ಕೆ ಕಟ್ಟಬೇಕು, ಅಷ್ಟೆ. ಈ ‘ಅಷ್ಟೆ’ ಎಂಬ ಮಾತಿನಲ್ಲಿ ಎಷ್ಟೊಂದು ಅಡಗಿದೆಯೆಂಬುದು ಮುಂದೆ ತಿಳಿಯುತ್ತದೆ.

ಮಗನ ವಾದ ಅಲ್ಲಗಳೆಯುವಂಥದಲ್ಲ. ಅರವತ್ತು ವರ್ಷ ದಾಟಿದ ಗೇರುಗಳಿಗೆ ವಿಶ್ರಾಂತಿ ಕೊಟ್ಟಷ್ಟೂ ಒಳ್ಳೆಯದು. ಗಂಟೆಗೆ ಅರವತ್ತು ಕಿಲೋಮೀಟರು ಮುಟ್ಟಿದೊಡನೆ ಮುಂದಿನಿಂದ ಬರುವ ಗುಂಯ್‌ಗುಡುವಿಕೆ ನಿಲ್ಲುತ್ತದೆ, ಸ್ಟೀರಿಂಗು ಹಗುರವಾಗುತ್ತದೆ. ಮುಂದಿನ ಸರಳಿನ ಜಾಯಿಂಟು ದಾರಿಯಲ್ಲಿ ಮುರಿದರೆ ಗುಂಡಿ ತಿರುಗಿಸಿ ನೆಮ್ಮದಿಯಾಗಿ ಮನೆ ಸೇರಬಹುದು. ಫ್ಲ್ಯಾಂಜಿದ್ದವನು ರಸ್ತೆಯ ಬದಿ ಕುಳಿತು ಬೋಲ್ಟು ಬಿಚ್ಚಬೇಕು. ಇವೆಲ್ಲ ನಿಜ. ಪೆಟ್ರೋಲಿನ ಉಳಿತಾಯವನ್ನು ಮಾತ್ರ ಅವನು ತುಸು ಉಬ್ಬಿಸಿ ಹೇಳಿದ. ಅದಕ್ಕೆ ಲೆಕ್ಕ ಹಾಕಿದವರು ತಾಯಿ. ಲೀಟರಿಗೆ ಹತ್ತು ಕಿಲೋಮೀಟರು ಓಡುವುದು ಹತ್ತೂವರೆ ಓಡುತ್ತದೆಂದೇ ಇಟ್ಟುಕೊಳ್ಳಿ. ತಿಂಗಳಿಗೆ ಐನೂರು ಕಿಲೋಮೀಟರಿಗೆ ಉಳಿಯುವುದು ಎರಡೂವರೆ ಲೀಟರಿಗೂ ಕಡಮೆ. ಹಬ್ಬಿನ ಜೋಡಿಗೆ ಕೊಟ್ಟ ಹಣ ಹುಟ್ಟಬೇಕಾದರೆ ಎಷ್ಟು ಮಳೆಗಾಲ ಕಳೆಯಬೇಕೆಂದು ಅವರು ಕೇಳಿದಾಗ ಮಗ ಕಾಫಿಯ ಲೋಟದೊಳಗೆ ನೋಡಿದ.

ತಂದೆಯ ವಾದದಲ್ಲಿ ಮಾತು ಕಡಮೆ. “ಮಳೇಲಿ ಇಳಿದು ತಿರುಗಿಸೋರು ಯಾರು?” ಎಂಬುದೊಂದೇ. ಎಪ್ಪತ್ತು ದಾಟಿದವರ ಮೊಣಕಾಲು, ಇಂಬಳ ತುಂಬಿದ ಹುಲ್ಲು, ಕತ್ತಲು. ಅದರ ಮೇಲೆ ಆನೆ. ಅರೇಹಳ್ಳಿ ಬಿಕ್ಕೋಡುಗಳ ಸುತ್ತ ಕಾಡಾನೆಯ ಕಾಟ ಎಷ್ಟೆಂಬುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಹಿಂಡು ಪಕ್ಕದ ತೋಟದಲ್ಲಿದೆಯೆಂಬ ಸುದ್ದಿ ಬಂದ ದಿನ ಸಂಜೆಯ ಮೇಲೆ ಜೀಪಿನಿಂದ ಕಾಲು ಕೆಳಗಿಡಲು ಯಾರೂ ಒಪ್ಪರು. ಮಗ ಇದನ್ನು ಮುದುಕರ ಹಟವೆಂದ. ತಂದೆ ಇದನ್ನು ಬೆಂಗಳೂರಿನವರ ಶೋಕಿಯೆಂದರು. ಇಬ್ಬರೂ ಅನ್ನಬಾರದ ಇನ್ನೊಂದೆರಡು ಮಾತುಗಳನ್ನು ಅಂದುಕೊಂಡರು. ಅಲ್ಲಿಂದಾಚೆಗೆ ಫೋನಿನಲ್ಲಿ ತಾಯಿಯ ಮೂಲಕ ಕ್ಷೇಮಸಮಾಚಾರ. ಹಬ್‌ಗಳು ಅಟ್ಟದ ಮೇಲೆ ಗೋಣಿಚೀಲದೊಳಗೆ.

2024ರ ಜೂನ್ ತಿಂಗಳಿನಲ್ಲಿ, ತಂದೆ ಕಣ್ಣಿನ ಚಿಕಿತ್ಸೆಗೆಂದು ಹಾಸನಕ್ಕೆ ಹೋಗಿದ್ದ ನಾಲ್ಕು ದಿನ ಮಗ ತೋಟದಲ್ಲಿದ್ದ. ಹೊತ್ತು ಹೋಗದೆ ಅಟ್ಟದಿಂದ ಚೀಲ ಇಳಿಸಿ, ಫ್ಲ್ಯಾಂಜುಗಳನ್ನು ಬಿಚ್ಚಿ ಹಬ್ ಕೂರಿಸಿದ. ಗುಂಡಿಗಳನ್ನು ಬಿಡುಗಡೆಯ ಕಡೆಗೆ ತಿರುಗಿಸಿ ಬೇಲೂರಿನವರೆಗೆ ಓಡಿಸಿ ನೋಡಿ ಸಂತೋಷಪಟ್ಟ. ಡ್ರೈವರ್ ಹುಡುಗನಿಗೆ ತೋರಿಸಿಕೊಟ್ಟು ಬೆಂಗಳೂರಿಗೆ ಹೊರಟುಹೋದ.

ಜುಲೈ ತಿಂಗಳಿನ ಒಂದು ಸಂಜೆ. ಮೂರು ದಿನದಿಂದ ಬಿಡದ ಮಳೆ. ತೋಟದ ಕೆಳಗಿನ ತುಂಡಿನಲ್ಲಿ ಮುರಿದುಬಿದ್ದ ಮರ ತೆಗೆಯಲು ಹೋಗಿದ್ದ ಆಳುಗಳನ್ನು ಕರೆತರಲು ಮಗಳೂ ಡ್ರೈವರ್ ಹುಡುಗನೂ ಜೀಪಿನಲ್ಲಿ ಇಳಿದರು. ಹಿಂದೆ ಐದು ಜನ ಕುಳಿತ ಮೇಲೆ ಏರು ಹತ್ತಬೇಕು. ಅರ್ಧ ಏರಿನಲ್ಲಿ ಹಿಂದಿನ ಗಾಲಿಗಳು ಜಾರಿದವು. ಹುಡುಗ ಎಂದಿನಂತೆ ಫೋರ್ ವೀಲ್ ಹಾಕಿದ, ಲೋ ಗೇರಿಗೆ ಎಳೆದ. ಇಂಜಿನ್ನು ಗರ್ಜಿಸಿತು, ಹಿಂದಿನ ಗಾಲಿಗಳು ಕೆಸರು ಕಡೆದವು, ಮುಂದಿನವು ಕದಲಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಲೋ ಗೇರಿನಲ್ಲಿ ಬಲ ಸುಮಾರು ಎರಡೂವರೆ ಪಟ್ಟಾಗುತ್ತದೆ. ಆ ಬಲವನ್ನು ಹಿಂದಿನ ಎಕ್ಸಲ್ಲೊಂದೇ ತಡೆಯಲಾರದೆಂದು ತಿಳಿದೇ ಜೀಪು ಮಾಡಿದವರು ಮುಂದಿನ ಎಕ್ಸಲನ್ನು ಸೇರಿಸದ ಹೊರತು ಲೋ ಬೀಳದಂತೆ ಗೇರುಪೆಟ್ಟಿಗೆಯ ಒಳಗೇ ಒಂದು ತಡೆಯಿಟ್ಟಿದ್ದರು. ಹಬ್ ಬಿಡಿಸಿಟ್ಟರೆ ಆ ತಡೆಗೆ ಕಣ್ಣಿಗೆ ಮಣ್ಣೆರಚಿದಂತೆ. ಸನ್ನೆಯ ಲೆಕ್ಕದಲ್ಲಿ ಮುಂದಿನದು ಸೇರಿದೆ, ಗಾಲಿಯ ಲೆಕ್ಕದಲ್ಲಿ ಸೇರಿಲ್ಲ. ಹೊರೆಯೆಲ್ಲ ಹಿಂದಿನದರ ಮೇಲೆ. ಆ ದಿನ ಎಕ್ಸಲ್ ಮುರಿಯದೆ ಉಳಿದದ್ದು ಗಾಲಿ ಜಾರಗೊಟ್ಟ ಕೆಸರಿನ ಪುಣ್ಯ.

ಹುಡುಗನಿಗೆ ಹಬ್ ನೆನಪಾಯಿತು. ಇಳಿದು ಬಲಗಡೆಯದನ್ನು ತಿರುಗಿಸಿದ. ಎಡಗಡೆಯದು ಕೆಸರು ಮೆತ್ತಿ ಬಿಗಿದಿತ್ತು. ಮುಕ್ಕಾಲು ತಿರುಗಿ ನಿಂತಿತು. ತಿರುಗಿತೆಂದೇ ಅವನು ಭಾವಿಸಿದ. ಆದರೆ ಡಿಫರೆನ್ಷಿಯಲ್ಲಿನ ಸ್ವಭಾವವೇ ಸುಲಭವಾದ ಕಡೆಗೆ ಓಡುವುದು. ಒಂದು ಕಡೆ ಬೀಗ ಬಿದ್ದು ಇನ್ನೊಂದು ಕಡೆ ಬೀಳದಿದ್ದರೆ ಬಿಡಿಯಾದ ಸರಳು ಗಿರ್ರನೆ ತಿರುಗುತ್ತದೆ, ಬೀಗ ಬಿದ್ದ ಗಾಲಿಗೆ ಏನೂ ದಕ್ಕುವುದಿಲ್ಲ. ಒಂದು ಹಬ್ ಹಾಕಿದರೆ ಅರ್ಧ ಬಲವಾದರೂ ಬಂದೀತೆಂದು ಎಷ್ಟೋ ಜನ ನಂಬಿದ್ದಾರೆ. ಅದು ತಪ್ಪು.

ಮಗಳು ಎಲ್ಲರನ್ನೂ ಇಳಿಸಿದಳು. ಕೈ ಬ್ರೇಕು ಎಳೆದಳು. ಈ ಜೀಪುಗಳಲ್ಲಿ ಕೈ ಬ್ರೇಕು ಹಿಡಿಯುವುದು ಗಾಲಿಯನ್ನಲ್ಲ, ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಬುಡವನ್ನು. ಫ್ಲ್ಯಾಂಜಿರುವ ಜೀಪನ್ನು ಫೋರ್ ವೀಲಿನಲ್ಲಿಟ್ಟು ಕೈ ಬ್ರೇಕು ಎಳೆದರೆ ಅದು ಮುಂದಿನ ಎಕ್ಸಲನ್ನೂ ಹಿಡಿಯುತ್ತದೆ. ಈ ಒಂದು ಗುಣವನ್ನು ನೆಚ್ಚಿ ತಂದೆ ನಲವತ್ತು ವರ್ಷ ಏರಿನಲ್ಲಿ ಜೀಪು ನಿಲ್ಲಿಸಿದ್ದರು, ಮಗಳೂ ಅದನ್ನೇ ಕಲಿತಿದ್ದಳು. ಆ ದಿನ ಹಿಡಿದದ್ದು ಹಿಂದಿನದು ಮಾತ್ರ. ಹಿಂದಿನ ಗಾಲಿಗಳ ಕೆಳಗೆ ಇದ್ದುದು ಹಿಟ್ಟು. ಹುಡುಗ ಕಲ್ಲು ತರುವಷ್ಟರಲ್ಲಿ ಜೀಪು ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಆಳುಗಳಲ್ಲಿ ಇಬ್ಬರು ಹೆಂಗಸರು ಅದರ ಹಿಂದೆಯೇ ನಿಂತಿದ್ದರು. ಒಬ್ಬಾಕೆ ಇನ್ನೊಬ್ಬಾಕೆಯ ಸೆರಗು ಹಿಡಿದು ಪಕ್ಕಕ್ಕೆ ಎಳೆದದ್ದಷ್ಟೇ ತಡ, ಜೀಪು ಹತ್ತಡಿ ಜಾರಿ ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ಆ ವಾರ ಆನೆಗಳು ಹತ್ತಿರದಲ್ಲಿದ್ದವು. ಏಳು ಜನ ಒಬ್ಬರಿಗೊಬ್ಬರು ಅಂಟಿಕೊಂಡಂತೆ ಟಾರ್ಚು ಹಿಡಿದು ಮನೆಯವರೆಗೆ ನಡೆದರು. ದಾರಿಯಲ್ಲಿ ಯಾರೂ ಮಾತಾಡಲಿಲ್ಲವಂತೆ.

ಮರುದಿನ ಅರೇಹಳ್ಳಿಯಿಂದ ಮಿಸ್ತ್ರಿ ಬಂದರು. ಟ್ರ್ಯಾಕ್ಟರಿನಿಂದ ಜೀಪು ಮೇಲೆ ಬಂತು. ಸುದ್ದಿ ತಿಳಿದು ಮಗನೂ ರಾತ್ರಿಯ ಬಸ್ಸಿಗೆ ಬಂದಿದ್ದ. ತಂದೆ ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಬೈಯಲಿಲ್ಲ, ಮರಕ್ಕೆ ತಗುಲಿ ನಗ್ಗಿದ ಹಿಂದಿನ ಹಲಗೆಯನ್ನು ಕೈಯಿಂದ ಸವರಿ ನೋಡಿ ಜಗಲಿಯ ಮೇಲೆ ಕುಳಿತರು. ಮಗನಿಗೆ ಬೈಗುಳವೇ ವಾಸಿಯೆನಿಸಿರಬೇಕು.

“ಮಳೆಗಾಲ ಪೂರ್ತಿ ಎರಡನ್ನೂ ಲಾಕ್ ಮಾಡಿ ಬಿಟ್ಟುಬಿಡೋಣ ಮಿಸ್ತ್ರಿ. ಲಾಕ್ ಆದ ಹಬ್ಬಿಗೂ ಫ್ಲ್ಯಾಂಜಿಗೂ ಏನು ವ್ಯತ್ಯಾಸ?” ಎಂದು ಅವನು ಕೇಳಿದ. ಪ್ರಶ್ನೆ ಸರಿಯಾದದ್ದೇ. ಮಿಸ್ತ್ರಿ ಎಡಗಡೆಯ ಹಬ್ ಬಿಚ್ಚಿ ಅವನ ಅಂಗೈಗಿಟ್ಟರು. ಒಳಗೆ ಮಣ್ಣುನೀರು, ರಬ್ಬರಿನ ಉಂಗುರ ಬಿರುಕುಬಿಟ್ಟಿತ್ತು, ಅರ್ಧ ಕಚ್ಚಿದ ಹಲ್ಲುಗಳ ತುದಿ ಸವೆದಿತ್ತು. “ಅದು ಒಂದೇ ತುಂಡು ಕಬ್ಬಿಣ ಅಣ್ಣಾ, ಇದರಲ್ಲಿ ಎಷ್ಟು ತುಂಡು ಎಣಿಸ್ಕೊಳ್ಳಿ” ಎಂದರು. ಅವರು ಹೇಳಿದ್ದರಲ್ಲಿ ಇನ್ನೊಂದು ಅಂಶ ಬೆಂಗಳೂರಿನ ಗೋಷ್ಠಿಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಹಬ್ ಸದಾ ಬಿಟ್ಟೇ ಇದ್ದರೆ ಒಳಗಿನ ಜಾಯಿಂಟು ತಿರುಗದೆ ಗ್ರೀಸು ತಳ ಸೇರಿ ಮೇಲ್ಭಾಗ ಒಣಗುತ್ತದೆ. ಆದ್ದರಿಂದ ಬಯಲಿನಲ್ಲೇ ಓಡಿಸುವವರೂ ಆಗಾಗ ಬೀಗ ಹಾಕಿ ಕೆಲವು ಮೈಲಿ ಓಡಿಸತಕ್ಕದ್ದು. ಪೂರಾ ವಿಶ್ರಾಂತಿಯೂ ಕಬ್ಬಿಣಕ್ಕೆ ಆಗಿಬರುವುದಿಲ್ಲ.

ಅಲ್ಲಿಯವರೆಗೆ ಸುಮ್ಮನಿದ್ದ ಮಗಳು ಮಾತಾಡಿದಳು. “ಅಣ್ಣ, ಈ ಜೀಪನ್ನ ನೀನೊಬ್ಬನೇ ಓಡಿಸೋದಲ್ಲ. ಅಪ್ಪಾಜಿ, ನಾನು, ಈ ಹುಡುಗ, ಒಂದೊಂದ್ಸಲ ರೈಟರು. ಹಬ್ ಹಾಕಿದ್ಯೋ ಬಿಟ್ಟಿದ್ಯೋ ಅನ್ನೋದು ಐದು ತಲೇಲೂ ಇರಬೇಕು. ಫ್ಲ್ಯಾಂಜ್ ಆದ್ರೆ ಯಾರ ತಲೇಲೂ ಇರಬೇಕಾಗಿಲ್ಲ.”

ವಾಹನವನ್ನು ಒಬ್ಬನೇ ಓಡಿಸುವುದಾದರೆ, ಅವನು ನೆನಪುಳ್ಳವನಾದರೆ, ವರ್ಷದ ಹೆಚ್ಚು ದಿನ ಡಾಂಬರಿನಲ್ಲೇ ಓಡುವುದಾದರೆ ಹಬ್ ಒಳ್ಳೆಯದೆಂಬುದನ್ನು ತಂದೆಯೂ ಒಪ್ಪಿದರು. ಒಪ್ಪಿದ್ದು ನೇರವಾಗಿ ಮಗನಿಗೆ ಹೇಳಿ. ಆ ವರ್ಷದ ಮೊದಲ ಮಾತು ಅದು. ಕೊನೆಗೆ ಆದ ಏರ್ಪಾಡು ಇದು: ಜೂನ್‌ನಿಂದ ರೊಬಸ್ಟಾ ಕೊಯ್ಲು ಮುಗಿಯುವವರೆಗೆ ಫ್ಲ್ಯಾಂಜ್. ಕೊಯ್ಲು ಮುಗಿದ ಮೇಲೆ ಮಗ ಜೀಪನ್ನು ಬೆಂಗಳೂರಿಗೆ ಒಯ್ಯುವುದಾದರೆ ತಾನೇ ಬಂದು ಹನ್ನೆರಡು ಬೋಲ್ಟು ಬಿಚ್ಚಿ ಹಬ್ ಕೂರಿಸಿಕೊಳ್ಳಲಿ, ಫ್ಲ್ಯಾಂಜುಗಳನ್ನು ಗ್ರೀಸು ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗಿಟ್ಟುಕೊಳ್ಳಲಿ. ಮಿಸ್ತ್ರಿ ಹೊಸ ರಬ್ಬರು ಉಂಗುರ ತರಿಸಿಕೊಟ್ಟರು. ಫ್ಲ್ಯಾಂಜಿನ ಅಡಿಗೆ ಹಾಕುವ ಗ್ಯಾಸ್ಕೆಟ್ಟನ್ನು ಯಾರದೋ ಮದುವೆಯ ಲಗ್ನಪತ್ರಿಕೆಯ ದಪ್ಪ ಕಾಗದದಿಂದ, ಸುತ್ತಿಗೆಯಲ್ಲಿ ಅಂಚು ತಟ್ಟಿ, ಅಲ್ಲೇ ಕತ್ತರಿಸಿ ಕೂರಿಸಿದರು.

2025ರ ಏಪ್ರಿಲಿನಲ್ಲಿ ಜೀಪು ಹಬ್ ತೊಟ್ಟು ಬೆಂಗಳೂರಿಗೆ ಹೋಯಿತು. ಆ ವರ್ಷ ಮುಂಗಾರು ಜೂನ್ ತಿಂಗಳಿಗೆ ಕಾಯಲಿಲ್ಲ; ಮೇ ಕೊನೆಯ ವಾರದಲ್ಲೇ ಹೊಡೆಯಿತು. ತಂದೆಯ ಫೋನು ಬಂದ ಸಂಜೆಯೇ ಮಗ ಹೊರಟ. ಬೇಲೂರು ದಾಟುವಾಗ ಕತ್ತಲು. ತೋಟದ ಗೇಟಿನ ಬಳಿ, ಡಾಂಬರು ಮುಗಿಯುವಲ್ಲಿ, ಮಳೆಯಲ್ಲಿ ಇಳಿದು ಎರಡು ಹಬ್‌ಗಳಿಗೂ ಬೀಗ ಹಾಕಿ ಹಾರನ್ನು ಒತ್ತಿದ. ಕೊಡೆಯನ್ನೂ ಟಾರ್ಚನ್ನೂ ಹಿಡಿದು ಬಂದ ತಂದೆ ಮಗನನ್ನು ಮಾತಾಡಿಸುವ ಮೊದಲು ಎಡಗಡೆಯ ಗಾಲಿಗೆ ಬಗ್ಗಿ ಗುಂಡಿಯನ್ನು ಕೈಯಿಂದ ಒತ್ತಿ ನೋಡಿದರು, ಸುತ್ತಿ ಬಂದು ಬಲಗಡೆಯದನ್ನೂ ನೋಡಿದರು. ಆಮೇಲೆ ಕೊಡೆ ಮಡಿಸಿ, ಹತ್ತಿ ಪಕ್ಕದಲ್ಲಿ ಕುಳಿತು, “ನಡಿ” ಎಂದರು.